ಒಬ್ಬರ ಕೈ ತಗಡಿನ ಮೇಲೆ, ಇನ್ನೊಬ್ಬರ ಕೈ ಬಟನ್ ಮೇಲೆ

ಶಾಮಲಮ್ಮನ ಊರಲ್ಲಿ ಯಾರೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ರಾಗಿ ಹೊಲದ ಕಳೆ ಇರಲಿ, ಹಿಪ್ಪುನೇರಳೆ ಸೊಪ್ಪು ಇರಲಿ, ಹಪ್ಪಳ ಒತ್ತುವುದಿರಲಿ, ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಇದಕ್ಕೆ ಮುಯ್ಯಿ ಅಂತಾರೆ. ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದದ್ದು. ಒಳ್ಳೆಯ ಪದ್ಧತಿ. ಹೊಲದಲ್ಲಿ.

ಅದೇ ಪದ್ಧತಿಯನ್ನು ಶಾಮಲಮ್ಮ ಮಾಲೂರಿನ ತಗಡಿನ ಶೆಡ್ಡಿಗೂ ತಂದಳು. ಅಲ್ಲಿಂದ ಈ ಕಥೆ ಶುರು.

ಮಾಲೂರಿನ ಹೊರಗೆ, ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ, ಚಂದ್ರಮೋಹನನ ಶೆಡ್ಡು ಇದೆ. ಮಾವಿನಹಣ್ಣು ಮಾಗಿಸುವ ಕೋಣೆಗಳಿಗೆ ಗಾಳಿ ಸಾಗಿಸುವ ತಗಡಿನ ಕೊಳವೆಗಳನ್ನು ಅಲ್ಲಿ ಮಾಡುತ್ತಾರೆ. ಶ್ರೀನಿವಾಸಪುರದ ಕಡೆಯಿಂದ ಆರ್ಡರ್ ಬರುತ್ತದೆ. ಶಾಮಲಮ್ಮನೂ ಅವಳ ಸೊಸೆ ಮುನಿಲಕ್ಷ್ಮಿಯೂ ಎರಡು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಾರೆ.

ಎರಡು ತೆಳು ತಗಡುಗಳನ್ನು ಸೇರಿಸಲು ಆ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವುದಿಲ್ಲ, ಸ್ಕ್ರೂ ಹಾಕುವುದಿಲ್ಲ, ರಿವೆಟ್ಟೂ ಇಲ್ಲ. ಒಂದು ಮಿಷನ್ ಇದೆ. ತಗಡಿನ ಮೇಲೆ ತಗಡು ಇಟ್ಟರೆ, ಗಾಳಿಯ ಒತ್ತಡಕ್ಕೆ ಮೇಲಿಂದ ಒಂದು ಉಕ್ಕಿನ ಮೂತಿ ಇಳಿದು ಎರಡನ್ನೂ ಕೆಳಗಿನ ಅಚ್ಚಿನ ಕುಳಿಯೊಳಕ್ಕೆ ಒತ್ತುತ್ತದೆ. ಕುಳಿಯೊಳಗೆ ತಗಡು ಹಿಟ್ಟಿನ ಹಾಗೆ ಅಗಲವಾಗಿ, ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಕರ್ಜಿಕಾಯಿಯ ಅಂಚು ಬೆರಳಲ್ಲಿ ಒತ್ತಿ ಮುಚ್ಚುತ್ತೇವಲ್ಲ, ಹಾಗೆ. ಬೆಂಕಿ ಇಲ್ಲ, ಹೊಗೆ ಇಲ್ಲ, ತಗಡಿನ ಸತುವಿನ ಲೇಪ ಸುಡುವುದಿಲ್ಲ. ಇದಕ್ಕೆ ಕ್ಲಿಂಚಿಂಗ್ ಅನ್ನುತ್ತಾರೆ. ಒತ್ತಿದ ಕಡೆ ಹಣೆಯ ಬೊಟ್ಟಿನಷ್ಟು ದುಂಡನೆಯ ಗುರುತು ಉಳಿಯುವುದರಿಂದ ಹೆಂಗಸರು ಅದನ್ನು ಬೊಟ್ಟಿನ ಮಿಷನ್ ಅಂತಲೇ ಕರೆಯುತ್ತಿದ್ದರು.

ಮಿಷನ್ನಿನ ಮುಂದೆ, ಸೊಂಟದ ಎತ್ತರಕ್ಕೆ, ಎರಡು ಹಸಿರು ಬಟನ್ ಇವೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೂತಿ ಇಳಿಯುತ್ತದೆ. ಸಣ್ಣ ತಗಡು ಇರುವವರೆಗೆ ತೊಂದರೆ ಇರಲಿಲ್ಲ. ಅಚ್ಚಿನ ಮೇಲೆ ಇಡು, ಕೈ ತೆಗೆ, ಎರಡು ಕೈಯಲ್ಲಿ ಒತ್ತು. ಈ ಸಲ ಆರು ಅಡಿ ಉದ್ದದ ತಗಡು ಬಂತು. ಕೈ ಬಿಟ್ಟರೆ ಜಾರಿ ಕೆಳಗೆ ಬೀಳುತ್ತದೆ. ಹಿಡಿದುಕೊಂಡರೆ ಬಟನ್ ಒತ್ತಲು ಕೈ ಇಲ್ಲ.

"ಇದಕ್ಕೇನು ತಲೆ ಕೆಡಿಸಿಕೊಳ್ಳೋದು? ನೀನು ಹಿಡ್ಕೋ, ನಾನು ಒತ್ತುತೀನಿ. ಮುಯ್ಯಿ ಅಂದ್ಕೋ," ಅಂದಳು ಶಾಮಲಮ್ಮ ಸೊಸೆಗೆ.

ಕೆಲಸ ಓಡಿತು. ಅತ್ತೆಯ ಎರಡು ಕೈ ಬಟನ್ ಮೇಲೆ, ಸೊಸೆಯ ಎರಡು ಕೈ ತಗಡಿನ ಮೇಲೆ. ಟಕ್, ಸರಿಸು. ಟಕ್, ಸರಿಸು. ಚಂದ್ರಮೋಹನ ಬಂದು ನೋಡಿ, "ಪರವಾಗಿಲ್ಲ ಅಕ್ಕಾ, ಎಂಜಿನಿಯರ್ ಆಗಿಬಿಟ್ರಿ," ಅಂದ. ಶಾಮಲಮ್ಮನಿಗೆ ಎರಡು ದಿನ ಅದೇ ಗುಂಗು.

ಅದನ್ನು ತಪ್ಪು ಅಂದವಳು ಸುನಂದ ಒಬ್ಬಳೇ. ಏಳು ವರ್ಷ ಯಾವುದೋ ದೊಡ್ಡ ಕಾರ್ಖಾನೆಯಲ್ಲಿದ್ದು, ಅಲ್ಲಿ ಹೊಸಬರಿಗೆ ಮಿಷನ್ ಕಲಿಸುತ್ತಿದ್ದವಳು. ಈಗ ಈ ಶೆಡ್ಡಿನಲ್ಲಿ ಸೂಜಿ ಗೇಜು ಹಿಡಿದು ಬೊಟ್ಟುಗಳ ದಪ್ಪ ಅಳೆದು ಸರಿ ತಪ್ಪು ನೋಡುವ ಕೆಲಸ ಅವಳದು.

"ಶಾಮಲಕ್ಕ, ಆ ಬಟನ್ ಎರಡು ಇಟ್ಟಿರೋದು ಒತ್ತೋರ ಎರಡು ಕೈಯೂ ಮಿಷನ್ ಬಾಯಿಂದ ದೂರ ಇರಲಿ ಅಂತ. ನಿಮ್ಮ ಕೈಯೇನೋ ದೂರ ಇದೆ. ಅವಳ ಕೈ?"

"ಅವಳ ಕೈ ನನ್ನ ಕಣ್ಣ ಮುಂದೇ ಇದೆ."

"ಕಣ್ಣಿಗೆ ಕಂಡ ಮಾತ್ರಕ್ಕೆ ಉಳಿಯುತ್ತಾ?"

"ಇಪ್ಪತ್ತು ವರ್ಷ ಪಕ್ಕದ ಮನೆ ಗಂಗರತ್ನಮ್ಮನ ಜೊತೆ ಒಂದೇ ಒರಳಿಗೆ ಎರಡು ಒನಕೆ ಹಾಕಿದೋಳು ನಾನು. ಒಂದು ದಿನ ತಾಗಿಸಿಲ್ಲ. ನೀನು ನಿನ್ನ ಸೂಜಿ ಗೇಜು ನೋಡ್ಕೋ, ತಾಯಿ."

"ಒನಕೆ ಇಬ್ಬರ ಕೈಲೂ ಇತ್ತು ಅಕ್ಕ. ಇಲ್ಲಿ ನಿಮ್ಮ ಕೈಲಿ ಒನಕೆ, ಅವಳ ಕೈ ಒರಳಲ್ಲಿ."

ಮುನಿಲಕ್ಷ್ಮಿ ಮುಸಿಮುಸಿ ನಕ್ಕಳು. ಶಾಮಲಮ್ಮ ಸೊಸೆಯನ್ನು ಒಂದು ಸಲ ದುರುಗುಟ್ಟಿ ನೋಡಿದಳು. ನಗು ನಿಂತಿತು.

ಆವತ್ತು ಶನಿವಾರ. ಸಂಜೆ ನಾಲ್ಕಕ್ಕೆ ಶ್ರೀನಿವಾಸಪುರದಿಂದ ಗಾಡಿ ಬರಬೇಕು. ಮಧ್ಯಾಹ್ನ ಹನ್ನೆರಡಾದರೂ ಇನ್ನೂ ನೂರಕ್ಕೂ ಹೆಚ್ಚು ತಗಡು ಉಳಿದಿದ್ದವು. ಚಂದ್ರಮೋಹನ ಅರ್ಧ ಗಂಟೆಗೊಮ್ಮೆ ಬಂದು ಗಡಿಯಾರ ನೋಡಿ ಹೋಗುತ್ತಿದ್ದ. ಶೀಟಿನ ಸೂರು ಕಾದು ಕೆಂಡ. ಶಾಮಲಮ್ಮ ಸೆರಗಿಂದ ಕತ್ತು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಟಕ್, ಸರಿಸು. ಟಕ್, ಸರಿಸು. ಈಗ ಅವಳ ಕೈ ಕಣ್ಣಿನ ಮಾತು ಕೇಳುತ್ತಿರಲಿಲ್ಲ, ತಾಳದ ಮಾತು ಕೇಳುತ್ತಿತ್ತು.

ಒಂದು ತಗಡು ಮೇಲಿನ ಮೂತಿಗೇ ಕಚ್ಚಿಕೊಂಡು ಎದ್ದಿತು. ದಿನಕ್ಕೆ ಎರಡು ಮೂರು ಸಲ ಹೀಗಾಗುತ್ತಿತ್ತು. ಮುನಿಲಕ್ಷ್ಮಿ ತಗಡು ಸರಿಸುವ ಬದಲು ಅದನ್ನು ಬಿಡಿಸಲು ಎರಡು ಬೆರಳನ್ನು ಮೂತಿಯ ಕೆಳಗೆ ತೂರಿಸಿದಳು.

ಧಡಕ್ಕನೆ ಏನೋ ಬಡಿದ ಸದ್ದು. ಶಾಮಲಮ್ಮ ಬಟನ್ ಒತ್ತಿದಳು. ಮಿಷನ್ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಳಿಯಲಿಲ್ಲ. ತಿರುಗಿ ನೋಡಿದರೆ ಸುನಂದ ಪಕ್ಕದಲ್ಲಿ ನಿಂತಿದ್ದಾಳೆ, ಅವಳ ಅಂಗೈ ಕೆಂಪು ಬಟನ್ ಮೇಲೆ. ಕೆಂಪು ಬಟನ್ ಒತ್ತಿದರೆ ಮಿಷನ್ ಪೂರ್ತಿ ನಿಂತುಬಿಡುತ್ತದೆ.

"ಯಾಕೇ ನಿಲ್ಲಿಸ್ದೆ? ನಿನಗೇನು ತಲೆ ಕೆಟ್ಟಿದೆಯಾ?"

"ಅವಳ ಬೆರಳು ನೋಡಿ."

ಮುನಿಲಕ್ಷ್ಮಿಯ ಎರಡು ಬೆರಳು ಇನ್ನೂ ಮೂತಿಯ ಕೆಳಗೇ ಇದ್ದವು. ಅವಳಿಗೆ ಏನಾಯಿತೆಂದೇ ಗೊತ್ತಾಗಿರಲಿಲ್ಲ.

"ನೋಡಿದೆ," ಅಂದಳು ಶಾಮಲಮ್ಮ. "ನೋಡೇ ಇದ್ದೆ. ನಾನೇನು ಒತ್ತುತ್ತಿರಲಿಲ್ಲ."

"ನಿಮ್ಮ ಕೈ ಎಲ್ಲಿದೆ, ಅಕ್ಕ?"

ಶಾಮಲಮ್ಮನ ಎರಡು ಅಂಗೈಯೂ ಹಸಿರು ಬಟನ್‌ಗಳನ್ನು ಅದುಮಿಕೊಂಡೇ ಇದ್ದವು. ಅವಳು ಬಿಸಿ ಹೆಂಚು ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು.

"ಸುಮ್ಮನೆ ಇಟ್ಟಿದ್ದೆ," ಅಂದಳು. ಆ ಮಾತು ಸುಳ್ಳೆಂದು ಅವಳಿಗೂ ಗೊತ್ತಿತ್ತು. ಬಾಯಿ ಮಾತ್ರ ಸೋಲಲಿಲ್ಲ. "ಕೆಲಸ ಕೆಡಿಸೋಕೇ ಬಂದಿದೀಯ. ಅತ್ತೆ ಸೊಸೆ ಚೆನ್ನಾಗಿದ್ದರೆ ಕೆಲವರ ಕಣ್ಣಿಗೆ ಮೆಣಸಿನಕಾಯಿ ಇಟ್ಟ ಹಾಗೆ ಆಗುತ್ತೆ."

ಸುನಂದ ಸಿಟ್ಟಾಗಲಿಲ್ಲ. "ಒಂದು ಪರೀಕ್ಷೆ ಮಾಡೋಣ ಅಕ್ಕ. ಹತ್ತು ಸಲ ಒತ್ತಿ. ಗೆದ್ದರೆ ನಾನು ಇನ್ನು ಬಾಯಿ ತೆಗೆಯಲ್ಲ. ಸೋತರೆ ನಾನು ಹೇಳಿದ ಹಾಗೆ ಕೇಳಬೇಕು."

"ನೂರು ಸಲ ಒತ್ತುತೀನಿ, ತಗೋ."

ಸುನಂದ ತನ್ನ ಚೀಲದಲ್ಲಿದ್ದ ತರಕಾರಿಯಿಂದ ಐದು ಕ್ಯಾರೆಟ್ ತೆಗೆದಳು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕೈಗವಸಿನ ಐದು ಬೆರಳೊಳಕ್ಕೆ ಅವನ್ನು ತುಂಬಿದಳು. ಅದನ್ನು ಎರಡಡಿ ಉದ್ದದ ಮರದ ಪಟ್ಟಿಯ ತುದಿಗೆ ಬಿಗಿದು ಕಟ್ಟಿದಳು. ಆ ಗವಸು ಮುನಿಲಕ್ಷ್ಮಿಯದೇ. ಬೇರೆಯವರು ಎತ್ತಿಕೊಳ್ಳಬಾರದೆಂದು ಮಣಿಕಟ್ಟಿನ ಹತ್ತಿರ ಅವಳು ಕೆಂಪು ದಾರದಲ್ಲಿ 'ಮು' ಅಂತ ಹೊಲಿದುಕೊಂಡಿದ್ದಳು.

"ಇದು ನಿಮ್ಮ ಸೊಸೆ ಕೈ. ನಾನು ಪಟ್ಟಿ ಹಿಡಿದು ದೂರ ನಿಂತು, ಪ್ರತಿ ಸಲ ಇದನ್ನ ಒಳಗೆ ಇಟ್ಟು ಹೊರಗೆ ತೆಗೀತೀನಿ. ಎಲ್ಲೋ ಒಂದು ಸಲ ತೆಗೆಯೋದು ತಡ ಆಗುತ್ತೆ. ಯಾವಾಗ ಅಂತ ಹೇಳಲ್ಲ. ನೀವು ಕಣ್ಣಲ್ಲಿ ನೋಡಿ ನಿಲ್ಲಿಸಿ. ಈಗ ಒತ್ತುತ್ತಿದ್ದ ವೇಗದಲ್ಲೇ ಒತ್ತಬೇಕು."

ಮುನಿಲಕ್ಷ್ಮಿಯನ್ನು ದೂರ ನಿಲ್ಲಿಸಿ, ಮೂತಿಗೆ ಕಚ್ಚಿದ್ದ ತಗಡನ್ನು ಇಕ್ಕಳದಲ್ಲಿ ಬಿಡಿಸಿ, ಅಚ್ಚಿನ ಮೇಲೆ ಎರಡು ಸಣ್ಣ ತಗಡಿನ ಚೂರು ಇಟ್ಟು, ಸುನಂದ ಕೆಂಪು ಬಟನ್ ಬಿಡಿಸಿದಳು. ಶಾಮಲಮ್ಮ ಕಾಲೂರಿ ನಿಂತಳು. ಕಣ್ಣು ಪಿಳುಕಿಸಲಿಲ್ಲ. ಒಂದು. ಎರಡು. ಮೂರು. ಗವಸು ಬಂತು, ಹೋಯಿತು. ನಾಲ್ಕು. ಐದು. ನೋಡು, ಇದೇನು ಮಹಾ, ಅಂದುಕೊಂಡಳು. ಆರು. ಏಳನೆಯ ಸಲ ಗವಸು ಒಳಗೇ ಉಳಿಯಿತು. ಶಾಮಲಮ್ಮ ಅದನ್ನು ನೋಡಿದಳು. ಸ್ಪಷ್ಟವಾಗಿ ನೋಡಿದಳು. ನಿಲ್ಲಬೇಕು ಅಂದುಕೊಂಡಳು ಕೂಡ. ಅಷ್ಟರಲ್ಲಿ ಟಕ್ ಅಂದಾಗಿತ್ತು.

ಮೂತಿ ಮೇಲೆದ್ದಾಗ ಗವಸು ತಗಡಿನ ಜೊತೆಗೇ ಎದ್ದಿತು. ತೋರುಬೆರಳಿನ ಜಾಗದಲ್ಲಿ ದುಂಡನೆಯ ಒಂದು ಬೊಟ್ಟು. ಬಟ್ಟೆ ತಗಡಿನೊಳಕ್ಕೆ ಹೊಕ್ಕು ಕಚ್ಚಿಕೊಂಡಿತ್ತು. ಅಂಚಿನಿಂದ ಕ್ಯಾರೆಟ್ಟಿನ ನೀರು ತೊಟ್ಟಿಕ್ಕುತ್ತಿತ್ತು. ಸುನಂದ ಮತ್ತೆ ಕೆಂಪು ಬಟನ್ ಒತ್ತಿ, ಇಕ್ಕಳದಲ್ಲಿ ಹಿಡಿದು ಎಳೆದಳು. ಗವಸು ಹರಿಯಿತೇ ಹೊರತು ಬೊಟ್ಟು ಬಿಡಲಿಲ್ಲ.

ಮುನಿಲಕ್ಷ್ಮಿ ತನ್ನ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು.

"ನೋಡಿದೆ ಕಣೇ," ಅಂದಳು ಶಾಮಲಮ್ಮ, ಮೆಲ್ಲಗೆ. "ನೋಡಿದೆ. ಆದ್ರೂ ಕೈ ನಿಲ್ಲಲಿಲ್ಲ."

"ಯಾರ ಕೈಯೂ ನಿಲ್ಲಲ್ಲ ಅಕ್ಕ. ಕಣ್ಣು ನೋಡಿ ತಲೆಗೆ ಹೇಳಬೇಕು, ತಲೆ ಕೈಗೆ ಹೇಳಬೇಕು. ಅಷ್ಟರಲ್ಲಿ ಅದು ಇಳಿದಾಗಿರುತ್ತೆ. ನಿಮ್ಮ ಮಗ ಕದಿರೇಶ ಕೋಲಾರದ ಮಂಡಿಗೆ ಟೊಮೇಟೊ ಲೋಡ್ ಹೊಡೀತಾನಲ್ಲ. ಆ ತುಂಬಿದ ಟೆಂಪೋನ ಒಂದು ಅವರೆಕಾಳಿನ ಮೇಲೆ ನಿಲ್ಲಿಸಿದ್ರೆ ಎಷ್ಟು ಭಾರ? ಸುಮಾರು ಅಷ್ಟು ಭಾರ ಆ ಮೂತಿಯ ತುದೀಲಿ ಇರುತ್ತೆ. ಅದಕ್ಕೆ ತಗಡು ಯಾವುದು, ಬೆರಳು ಯಾವುದು ಅಂತ ಗೊತ್ತಾಗಲ್ಲ."

ಶಾಮಲಮ್ಮನ ಕಣ್ಣು ಕೆಂಪು ದಾರದ 'ಮು' ಮೇಲೇ ನಿಂತಿತ್ತು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಅಜ್ಜಿ ಕಲಸಿದ ಅನ್ನ ಬೇಡ, ಅಮ್ಮನ ಕೈ ತುತ್ತೇ ಬೇಕು ಅನ್ನುವ ಹಠದ ಮಗು. ಗವಸಿನೊಳಗೆ ಕ್ಯಾರೆಟ್ ಬದಲು ಆ ಕೈ ಇದ್ದಿದ್ದರೆ? ಒತ್ತಿದವಳು ಯಾರು ಅಂದರೆ ಏನು ಹೇಳುವುದು? ಮಿಷನ್ ಒತ್ತಿತು ಅನ್ನುವುದೇ? ಅವಳು ತಗಡಿನ ರಾಶಿಗೆ ಒರಗಿಕೊಂಡಳು.

ಆಗ ಚಂದ್ರಮೋಹನ ಒಳಗೆ ಬಂದ. "ಯಾಕೆ ಮಿಷನ್ ನಿಂತಿದೆ? ಗಾಡಿ ಶ್ರೀನಿವಾಸಪುರ ಬಿಟ್ಟಾಯ್ತಂತೆ. ನೀವು ನೋಡಿದ್ರೆ ಗುಂಪು ಕಟ್ಕೊಂಡು ನಿಂತಿದೀರ."

ಸುನಂದ ಹರಿದ ಗವಸನ್ನು ತೋರಿಸಿದಳು. "ಸಾರ್, ಹೋದ ವಾರವೇ ಹೇಳಿದ್ದೆ. ಉದ್ದ ತಗಡಿಗೆ ಎರಡು ಕಡೆ ಸ್ಟ್ಯಾಂಡ್ ಬೇಕು. ತಗಡು ಸ್ಟ್ಯಾಂಡ್ ಮೇಲೆ ಮಲಗಿದ್ರೆ ಯಾರೂ ಹಿಡೀಬೇಕಾಗಿಲ್ಲ. ಒಬ್ಬರೇ ಎರಡು ಕೈಲೂ ಒತ್ತಬಹುದು."

"ಮಾಡ್ಸೋಣ ಅಂದೆನಲ್ಲಮ್ಮ. ಈ ಲೋಡ್ ಹೋಗ್ಲಿ. ಸೋಮವಾರ ಮಾಡ್ಸೋಣ. ಶಾಮಲಕ್ಕ, ನೀವು ಶುರು ಮಾಡಿ. ಇಷ್ಟು ದಿನ ಏನೂ ಆಗಿಲ್ಲ ತಾನೆ?"

ಶಾಮಲಮ್ಮ ತಲೆಯೆತ್ತಿದಳು. ಸೋತ ಮುಖ ಈಗ ಕೆಂಪಾಗಿತ್ತು.

"ಶುರು ಮಾಡ್ತೀನಪ್ಪಾ. ಬಾ, ನೀನು ಹಿಡ್ಕೋ. ನಾನು ಒತ್ತುತೀನಿ."

"ನಾನಾ?"

"ಹೂಂ, ನೀನೇ. ಗಾಡಿ ನಿಂದು, ಲೋಡ್ ನಿಂದು. ನನ್ನ ಸೊಸೆ ಹಿಡಿಯೋ ಜಾಗದಲ್ಲೇ ಹಿಡಿ. ಅಲ್ಲಲ್ಲ, ಇನ್ನೂ ಹತ್ತಿರ. ಹೆಬ್ಬೆಟ್ಟು ಆ ಮೂತಿ ಪಕ್ಕಕ್ಕೆ ಬರಬೇಕು."

ಚಂದ್ರಮೋಹನ ನಗುನಗುತ್ತಲೇ ತಗಡು ಎತ್ತಿ ಇಟ್ಟ. ಶಾಮಲಮ್ಮ ಬಟನ್ ಹತ್ತಿರ ಬಂದು ನಿಂತಳು. ಎರಡು ಅಂಗೈಯನ್ನೂ ಹಸಿರು ಬಟನ್‌ಗಳ ಮೇಲೆ, ಒಂದು ಅಂಗುಲ ಎತ್ತರದಲ್ಲಿ ಹಿಡಿದಳು. ಕೆಂಪು ಬಟನ್ ಇನ್ನೂ ಒತ್ತಿದ ಹಾಗೆಯೇ ಇತ್ತು, ಮಿಷನ್ ಇಳಿಯುವ ಹಾಗಿರಲಿಲ್ಲ. ಅದು ಅವಳಿಗೂ ಸುನಂದಳಿಗೂ ಗೊತ್ತಿತ್ತು. ಅವನಿಗೆ ಹೊಳೆಯಲಿಲ್ಲ. ಅವನು ಮೂತಿಯನ್ನು ನೋಡಿದ. ತನ್ನ ಹೆಬ್ಬೆಟ್ಟನ್ನು ನೋಡಿದ. ಪಕ್ಕದ ಮೇಜಿನ ಮೇಲೆ ತಗಡಿಗೆ ಕಚ್ಚಿಕೊಂಡಿದ್ದ ಗವಸಿನ ಚೂರನ್ನು ನೋಡಿದ. ಶಾಮಲಮ್ಮ ಒಂದು ಸಲ ಉಸಿರು ಬಿಟ್ಟಳಷ್ಟೇ, ಅವನ ಕೈ ಸರ್ರನೆ ಹಿಂದೆ ಬಂತು. ತಗಡು ಜಾರಿ ಢಣಾರೆಂದು ನೆಲಕ್ಕೆ ಬಿತ್ತು.

"ಯಾಕಪ್ಪಾ ಕೈ ತೆಗೆದೆ?"

"ನೀವು ಕೋಪದಲ್ಲಿದೀರಿ ಅಕ್ಕ."

"ನನಗೆ ಕೋಪ ಇಲ್ಲದಿದ್ದಾಗಲೂ ಅದು ಇಷ್ಟೇ ಜೋರಾಗಿ ಇಳಿಯುತ್ತೆ. ನಿನ್ನ ಕೈಗೆ ಒಂದು ನಿಮಿಷ ಧೈರ್ಯ ಇಲ್ಲ. ಅವಳು ಒಂದು ವಾರದಿಂದ ಅಲ್ಲೇ ಇಟ್ಟಿದಾಳೆ. ಇಡಿಸಿದ ಪಾಪಿ ನಾನೇ. ನಿನ್ನೊಬ್ಬನನ್ನೇ ಬೈಯಲ್ಲ. ಆದ್ರೆ ಸ್ಟ್ಯಾಂಡ್ ಬರೋವರೆಗೂ ಈ ಮಿಷನ್ ನಾನೂ ಒತ್ತಲ್ಲ, ಅವಳೂ ಹಿಡಿಯಲ್ಲ. ಕೆಲಸದಿಂದ ತೆಗೀತೀನಿ ಅಂತೀಯಾ? ಪೋನೀಲೆ, ಹೋಗ್ಲಿ ಬಿಡು, ತೆಗಿ. ಎರಡು ಕೈ ಇದ್ರೆ ಇನ್ನೊಂದು ಕಡೆ ಕೂಲಿ ಹುಟ್ಟುತ್ತೆ."

ಚಂದ್ರಮೋಹನ ಬಗ್ಗಿ, ಬಿದ್ದ ತಗಡನ್ನು ತಾನೇ ಎತ್ತಿಟ್ಟ. ಹೊರಗೆ ಹೋಗಿ ಫೋನಿನಲ್ಲಿ ಯಾರ ಹತ್ತಿರವೋ ಬೈಸಿಕೊಂಡ. ಅದು ಒಳಗೂ ಕೇಳಿಸುತ್ತಿತ್ತು. ಆಮೇಲೆ ಪಕ್ಕದ ಶೆಡ್ಡಿನ ವೆಲ್ಡರ್ ಆಂಜಿಯನ್ನು ಕರೆದುಕೊಂಡು ಬಂದ.

ಆಂಜಿ ಮೂಲೆಯಲ್ಲಿದ್ದ ಹಳೆಯ ಕಬ್ಬಿಣದಲ್ಲಿ ಎರಡು ಸ್ಟ್ಯಾಂಡ್ ಕೂಡಿಸಿದ. ಎತ್ತರ ಸರಿಯಾಗಿ ಅಚ್ಚಿನ ಮಟ್ಟಕ್ಕೆ. ಮೇಲೆ ಉರುಳುವ ಪೈಪು. ಹಿಂದೆ ಒಂದು ಸಣ್ಣ ತಡೆ, ತಗಡು ಬಂದು ಅದಕ್ಕೆ ತಾಗಿದರೆ ಜಾಗ ಸರಿ ಬಂತೆಂದು ಅರ್ಥ. ಮೂತಿಗೆ ತಗಡು ಕಚ್ಚಿಕೊಳ್ಳುತ್ತಿದ್ದುದಕ್ಕೆ ಕಾರಣ ಸವೆದ ಸ್ಪ್ರಿಂಗ್. ಸುನಂದ ಕರೆಂಟು ತೆಗೆಸಿ, ಮಿಷನ್ನಿನಲ್ಲಿ ತುಂಬಿದ್ದ ಗಾಳಿ ಬಿಡಿಸಿ, ಹೊಸ ಸ್ಪ್ರಿಂಗ್ ಹಾಕಿಸಿದಳು. ಎಲ್ಲ ಸೇರಿ ಎರಡೂವರೆ ಗಂಟೆ. ಇದಕ್ಕೇ ಒಂದು ವಾರದಿಂದ ಪುರಸೊತ್ತಿರಲಿಲ್ಲ.

ಮೊದಲ ತಗಡು ಸ್ಟ್ಯಾಂಡ್ ಮೇಲೆ ಮಲಗಿತು. ಮುನಿಲಕ್ಷ್ಮಿ ಅದನ್ನು ತಡೆಗೆ ತಾಗುವವರೆಗೆ ತಳ್ಳಿ, ಹಿಂದೆ ಬಂದು, ಒಂದು ಕೈ ಮಾತ್ರ ಬಟನ್ ಮೇಲಿಟ್ಟು ಒತ್ತಿದಳು. ಮಿಷನ್ ಅಲುಗಾಡಲಿಲ್ಲ. ಎರಡನೆಯ ಕೈಯನ್ನೂ ತಂದು ಒಟ್ಟಿಗೆ ಒತ್ತಿದಳು. ಟಕ್. ಶಾಮಲಮ್ಮ ದೂರದ ಮೇಜಿನ ಹತ್ತಿರ ಮುಂದಿನ ತಗಡು ಜೋಡಿಸುತ್ತಾ ನೋಡಿದಳು. ಸೊಸೆಯ ಹತ್ತು ಬೆರಳೂ ಎದುರಿಗೇ ಕಾಣುತ್ತಿದ್ದವು.

"ಅತ್ತೆ, ಹಂಗೆ ನೋಡಬೇಡಿ, ನನಗೆ ಕೈ ನಡುಗುತ್ತೆ."

"ನಡುಗಲಿ ಬಿಡು. ಇದ್ದರೆ ತಾನೇ ನಡುಗೋದು."

ಲೋಡು ಆ ಸಂಜೆ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಹೋಯಿತು. ಶ್ರೀನಿವಾಸಪುರದವರು ಸ್ವಲ್ಪ ಕೂಗಾಡಿದರು. ಆಮೇಲೆ ಸುಮ್ಮನಾದರು. ಮಾವು ಒಂದು ದಿನ ತಡವಾಗಿ ಹಣ್ಣಾಯಿತು, ಅಷ್ಟೇ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಶೆಡ್ಡಿನಲ್ಲೂ ಬೊಟ್ಟಿನ ಮಿಷನ್ನೋ, ತೂತು ಹಾಕುವ ಪ್ರೆಸ್ಸೋ ಇರಬಹುದು. ನಾಳೆ ಕೆಲಸ ಶುರು ಮಾಡುವ ಮೊದಲು, ಮಿಷನ್ ಬಾಯಿಯ ಹತ್ತಿರ ಯಾರೂ ಇಲ್ಲದಾಗ, ಒಂದೇ ಕೈಯಲ್ಲಿ ಒಂದೇ ಬಟನ್ ಒತ್ತಿ ನೋಡಿ. ಮಿಷನ್ ಇಳಿದರೆ ಅದು ಕೆಟ್ಟಿದೆ, ಇಲ್ಲವೇ ಯಾರೋ ಕೆಡಿಸಿದ್ದಾರೆ. ಅದರ ಮುಂದೆ ಕೂರಬೇಡಿ. ಒಂದು ಬಟನ್ನಿಗೆ ಬಟ್ಟೆ ಸುತ್ತಿ ಬಿಗಿದಿಟ್ಟಿದ್ದರೆ ಬಿಚ್ಚಿಸಿ. ಒಬ್ಬರು ಹಿಡಿದು ಒಬ್ಬರು ಒತ್ತುವ ಜಾಣತನ ಬೇಡ. ಇಬ್ಬರು ಇರಲೇಬೇಕಾದ ಕೆಲಸವಾದರೆ ಇಬ್ಬರಿಗೂ ಬೇರೆ ಬೇರೆ ಜೋಡಿ ಬಟನ್ ಬೇಕು, ನಾಲ್ಕು ಕೈ ಒತ್ತಿದರೆ ಮಾತ್ರ ಮಿಷನ್ ಇಳಿಯಬೇಕು. ತಗಡು ಸಿಕ್ಕಿಕೊಂಡರೆ ಬೆರಳು ಹಾಕಬೇಡಿ. ಮೊದಲು ಕರೆಂಟು ತೆಗೆಯಿರಿ, ಗಾಳಿ ಬಿಡಿ, ಆಮೇಲೆ ಇಕ್ಕಳ ಹಿಡಿಯಿರಿ.

ಶೆಡ್ಡಿನ ಯಜಮಾನರಿಗೂ ಒಂದು ಮಾತು. ಲೋಡು ಹೋದ ಮೇಲೆ ಸ್ಟ್ಯಾಂಡ್ ಮಾಡಿಸುತ್ತೀನಿ ಅನ್ನುವವರು, ಮಾಡಿಸುವ ತನಕ ಆ ತಗಡನ್ನು ನೀವೇ ಹಿಡಿಯಿರಿ.

ಇದನ್ನೆಲ್ಲ ಕೇಳಿದರೆ ಬೈತಾರೆ, ಸೋಮಾರಿ ಅಂತಾರೆ, ಕೆಲಸಕ್ಕೆ ಬರಬೇಡ ಅಂತಲೂ ಹೇಳಬಹುದು. ಆದರೂ ಕೇಳಿ. ಒಬ್ಬರಿಗೆ ಧೈರ್ಯ ಸಾಲದಿದ್ದರೆ ಹತ್ತು ಜನ ಒಟ್ಟಿಗೆ ಹೋಗಿ ಕೇಳಿ. ಬೈಗುಳ ವಾರದಲ್ಲಿ ಮರೆತುಹೋಗುತ್ತದೆ. ಬೆರಳು ಮತ್ತೆ ಚಿಗುರುವುದಿಲ್ಲ.